ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ: ಡಿ-ಡೈಮರ್ ರಿಪೋರ್ಟ್ ನಾರ್ಮಲ್ ಬಂದರೆ ಸಾಕೇ?

ತಲೆನೋವು ಬಂದರೆ ಗ್ಯಾಸ್ ಅಥವಾ ಮೈಗ್ರೇನ್ ಅಂತ ಒಂದು ಮಾತ್ರೆ ನುಂಗಿ ಸುಮ್ಮನಾಗುವವರೇ ಹೆಚ್ಚು. ಆದರೆ ಬಾಣಂತಿಗೆ ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಒಂದು ಬದಿಯ ಕೈಕಾಲು ಸೋಲುವುದು ಕಂಡುಬಂದರೆ ಅದು ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್ ಇರಬಹುದು. ವೈದ್ಯರು ಇದನ್ನು ಚಿಕ್ಕದಾಗಿ ಸಿವಿಟಿ ಎನ್ನುತ್ತಾರೆ.

ಮೆದುಳಿನಿಂದ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೇ ಈ ಕಾಯಿಲೆ. ರಕ್ತ ಹೊರಹೋಗಲು ದಾರಿ ಇಲ್ಲದೆ ಒತ್ತಡ ಏರುತ್ತದೆ, ಮೆದುಳು ಊದಿಕೊಳ್ಳುತ್ತದೆ, ಕೆಲವೊಮ್ಮೆ ರಕ್ತಸ್ರಾವವೂ ಆಗುತ್ತದೆ. ಸಾಮಾನ್ಯ ಸ್ಟ್ರೋಕ್ ವಯಸ್ಸಾದವರಲ್ಲಿ ಹೆಚ್ಚು. ಇದು ಯುವಜನರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು.

ಯಾರಿಗೆ ಅಪಾಯ?
ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ರಕ್ತಹೀನತೆ ಅಥವಾ ಕಿವಿಯ ಸೋಂಕು ಇರುವವರು, ದೇಹದಲ್ಲಿ ನೀರಿನಂಶ ತೀರಾ ಕಡಿಮೆಯಾದವರು. ರಮಝಾನ್ ಉಪವಾಸಕ್ಕೆ ಅಡ್ಡಿಯಾಗದಿರಲೆಂದು ಮುಟ್ಟು ಮುಂದೂಡಲು ಇಂತಹ ಮಾತ್ರೆ ಸೇವಿಸಿದ ಮಹಿಳೆಯರಲ್ಲಿ ಸಿವಿಟಿ ಕಂಡುಬಂದದ್ದನ್ನು ಇರಾನಿನ ವೈದ್ಯರು ದಾಖಲಿಸಿದ್ದಾರೆ. ಹಜ್, ಉಮ್ರಾಕ್ಕೆ ಹೊರಡುವವರೂ ಮೆಡಿಕಲ್‌ನಿಂದ ನೇರವಾಗಿ ಮಾತ್ರೆ ತರಬೇಡಿ, ವೈದ್ಯರನ್ನು ಕೇಳಿ. ಬಾಣಂತಿಗೆ ನೀರು ಕಡಿಮೆ ಕೊಡಬೇಕೆಂಬ ಹಳೇ ನಂಬಿಕೆಯನ್ನೂ ಬಿಡಿ.

ರಕ್ತ ಪರೀಕ್ಷೆ ಏನು ಹೇಳುತ್ತದೆ?
ಹೆಪ್ಪುಗಟ್ಟಿದ ರಕ್ತ ಕರಗುವಾಗ ಒಡೆದು ಬರುವ ಪ್ರೋಟೀನ್ ಚೂರೇ ಡಿ-ಡೈಮರ್. ಹಲವು ಲ್ಯಾಬ್‌ಗಳಲ್ಲಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ ಒಳಗಿದ್ದರೆ ನಾರ್ಮಲ್. ಆದರೆ ಗರ್ಭಿಣಿ, ಬಾಣಂತಿಯರಲ್ಲಿ, ಸೋಂಕು, ಆಪರೇಷನ್ ಆದವರಲ್ಲಿ ಇದು ತಾನಾಗಿಯೇ ಏರುತ್ತದೆ. ಇನ್ನೊಂದೆಡೆ, ಬರೀ ತಲೆನೋವು ಇರುವವರಲ್ಲಿ, ಹೆಪ್ಪು ಚಿಕ್ಕದಿದ್ದಾಗ ಅಥವಾ ರೋಗ ಶುರುವಾಗಿ ವಾರ ದಾಟಿದ್ದರೆ, ಸಿವಿಟಿ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ಹಾಗಾಗಿ ಲಕ್ಷಣ ಇದ್ದರೆ ರಿಪೋರ್ಟ್ ನೋಡಿ ನಿಶ್ಚಿಂತೆಯಿಂದ ಮನೆಗೆ ಮರಳುವಂತಿಲ್ಲ. ಸಾದಾ ಸಿಟಿ ಸ್ಕ್ಯಾನ್‌ನಲ್ಲೂ ಇದು ತಪ್ಪಿಹೋಗಬಹುದು. ಖಚಿತಪಡಿಸುವುದು ಎಂಆರ್ ಅಥವಾ ಸಿಟಿ ವೀನೋಗ್ರಫಿ.

ಕಾರಣ ಹುಡುಕಲು ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್, ಹೋಮೋಸಿಸ್ಟೀನ್ ಪರೀಕ್ಷೆಗಳಿವೆ. ಬಾಣಂತಿಯರ ಸಿವಿಟಿ ಮತ್ತು ಹೋಮೋಸಿಸ್ಟೀನ್ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಅಧ್ಯಯನ ನಡೆಸಿದ್ದಾರೆ. ಗರ್ಭಾವಸ್ಥೆಯಲ್ಲಿ ಪ್ರೋಟೀನ್ ಎಸ್ ಕಡಿಮೆಯಾಗುವುದು ಸಹಜ. ವಾರ್ಫರಿನ್ ಮಾತ್ರೆಯಿಂದ ಪ್ರೋಟೀನ್ ಸಿ, ಎಸ್ ಎರಡೂ ಇಳಿಯುತ್ತವೆ. ಆದ್ದರಿಂದ ಯಾವ ಟೆಸ್ಟ್ ಯಾವಾಗ ಎಂಬುದನ್ನು ವೈದ್ಯರೇ ನಿರ್ಧರಿಸಲಿ.

ಚಿಕಿತ್ಸೆ
ಮೊದಲು ಹೆಪಾರಿನ್ ಇಂಜೆಕ್ಷನ್, ನಂತರ ಸಾಮಾನ್ಯವಾಗಿ 3ರಿಂದ 12 ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ವಾರ್ಫರಿನ್ ಆದರೆ ಐಎನ್‌ಆರ್ 2ರಿಂದ 3ರೊಳಗೆ ಇರಬೇಕು. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಮಂಜೇಶ್ವರ, ಉಪ್ಪಳ, ಕುಂಬಳೆಯ ಜನ ಪಟ್ಟ ಪಾಡು ನಮಗೆ ಗೊತ್ತು. ಇಂದು ಗಡಿ ತೆರೆದಿದೆ, ತಡವಾಗುವುದು ಮನೆಯಲ್ಲೇ. ಫಿಟ್ಸ್ ಬಂದರೆ ದುಆ ಮಾಡಿ, ಮಂತ್ರಿಸಿದ ನೀರನ್ನೂ ಕುಡಿಸಿ, ಆದರೆ ಪ್ರಜ್ಞೆ ಪೂರ್ತಿ ಬಂದ ಮೇಲೆಯೇ. ಅದಕ್ಕಾಗಿ ಆಸ್ಪತ್ರೆಯ ದಾರಿ ಮಾತ್ರ ತಡವಾಗದಿರಲಿ. ಎಂಆರ್‌ಐ ಇರುವ ಆಸ್ಪತ್ರೆಗೆ ಫೋನ್ ಮಾಡಿಯೇ ಹೊರಡಿ. ಹೆರಿಗೆಯಾಗಿ ಎಷ್ಟು ದಿನವಾಯಿತು, ಯಾವ ಮಾತ್ರೆ ಸೇವಿಸಿದ್ದಾರೆ ಎಂಬೆರಡು ಮಾತನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.