ಆಸ್ಟಿಯೋಸಾರ್ಕೋಮಾ

ಗ್ರೀಕ್‌ನಲ್ಲಿ ‘ಆಸ್ಟಿಯಾನ್’ ಎಂದರೆ ಮೂಳೆ, ‘ಸಾರ್ಕ್ಸ್’ ಎಂದರೆ ಮಾಂಸ, ‘ಓಮಾ’ ಎಂದರೆ ಗಡ್ಡೆ. ಮೂರೂ ಕೂಡಿದರೆ ಆಸ್ಟಿಯೋಸಾರ್ಕೋಮಾ. ಮೊದಲ ತುಂಡು ನಮಗೆ ದೂರದ್ದಲ್ಲ: ಸಂಸ್ಕೃತದ ‘ಅಸ್ಥಿ’ಯೂ ಅದೂ ಒಂದೇ ಬೇರಿನ ಪದಗಳು. ಈ ಹೆಸರನ್ನು 1805ರಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಶಸ್ತ್ರವೈದ್ಯ ಅಲೆಕ್ಸಿ ಬ್ವಾಯೆ ಎನ್ನುತ್ತಾರೆ. ಸಂಸ್ಕೃತದ ‘ಅರ್ಬುದ’ ಸೇರಿಸಿ ಕನ್ನಡದಲ್ಲಿ ಇದನ್ನು ‘ಅಸ್ಥಿ ಅರ್ಬುದ’ ಎನ್ನಬಹುದು; ಅಚ್ಚಗನ್ನಡದಲ್ಲಿ ‘ಮೂಳೆ ಏಡಿಗಂತಿ’.

ಹೆಸರಿನಲ್ಲಿ ಮೂಳೆಯಿದ್ದರೂ ಈ ಗಡ್ಡೆ ಮೂಳೆಯಲ್ಲೇ ಹುಟ್ಟಬೇಕೆಂದಿಲ್ಲ. ಕ್ಯಾನ್ಸರ್ ಕೋಶಗಳು ತಾವೇ ಎಳೆ ಮೂಳೆಯ ದ್ರವ್ಯವನ್ನು ಕಟ್ಟಬೇಕು, ಅದೇ ಇದರ ಗುರುತು. ಹಾಗಾಗಿ ಮೂಳೆಯೇ ಇಲ್ಲದ ಕಡೆ, ತೀರಾ ಅಪರೂಪವಾಗಿ ಪುರುಷರ ಶಿಶ್ನ ಮತ್ತು ವೀರ್ಯನಾಳದ ಹುರಿಯಲ್ಲೂ, ಇದು ಕಾಣಿಸಿಕೊಂಡದ್ದುಂಟು. ನಾಯಿ, ವಾಲ್ರಸ್‌ಗಳ ಶಿಶ್ನದಲ್ಲಿ ಸಹಜವಾಗಿಯೇ ಮೂಳೆಯಿದೆ, ಮನುಷ್ಯನಲ್ಲಿಲ್ಲ.

ಆದರೆ ಶಿಶ್ನದಲ್ಲಿ ಗಟ್ಟಿಯಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಪೆರೋನಿ ಕಾಯಿಲೆಯಲ್ಲೂ ಗಟ್ಟಿ ಪದರ ಕಟ್ಟುತ್ತದೆ, ಅದು ಕ್ಯಾನ್ಸರಲ್ಲ. ಕ್ಯಾನ್ಸರ್ ಎಂದು ಖಚಿತಪಡಿಸುವುದು ಬಯಾಪ್ಸಿ. ಗಂಟು ಕಂಡರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ.