ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಸಹಜ ರೋಗನಿರೋಧಕ ಉರಿಯೂತ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬುದು ಮಿದುಳು, ಬೆನ್ನುಹುರಿ ಹಾಗೂ ದೃಷ್ಟಿನರಗಳ ಮಯಲಿನ್ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುವ ಕಾಯಿಲೆ. 1868ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಟಿ ಮತ್ತು ಬಿ ಕೋಶಗಳೇ ಇದರ ಮುಖ್ಯ ಕಾರಕಗಳೆಂದು ಬಹುಕಾಲ ಭಾವಿಸಲಾಗಿತ್ತು. ಹುಟ್ಟಿನಿಂದಲೇ ಇರುವ ಸಹಜ ರೋಗನಿರೋಧಕ ವ್ಯವಸ್ಥೆಯ ಪಾತ್ರಕ್ಕೆ ಮಹತ್ವ ದೊರೆತದ್ದು ಈಚೆಗೆ.

ಉರಿಯೂತದ ಬಗೆ

ಮರುಕಳಿಸುವ ಹಂತದಲ್ಲಿ ಲಿಂಫೋಸೈಟ್‌ಗಳು ರಕ್ತ ಮತ್ತು ಮಿದುಳಿನ ನಡುವಣ ತಡೆಯನ್ನು ದಾಟಿ ಒಳಸೇರುತ್ತವೆ. ರಕ್ತದಿಂದ ಬಂದ ಮ್ಯಾಕ್ರೋಫೇಜ್‌ಗಳೂ ಮಿದುಳಿನಲ್ಲೇ ನೆಲೆಸಿರುವ ಮೈಕ್ರೋಗ್ಲಿಯಾ ಕೋಶಗಳೂ ಮಯಲಿನನ್ನು ಕಬಳಿಸುತ್ತವೆ. ಇದು ಸಂಪೂರ್ಣ ಹಾನಿಕರವೇನೂ ಅಲ್ಲ: ಚೂರುಗಳು ತೆರವಾಗದೆ ಹೊಸ ಮಯಲಿನ್ ಸರಿಯಾಗಿ ಬೆಳೆಯದು. ಪ್ರಗತಿಶೀಲ ಹಂತದಲ್ಲಾದರೋ, ತಡೆ ಬಹುಮಟ್ಟಿಗೆ ಮುಚ್ಚಿದ್ದರೂ ಕೆಲವು ಗಾಯಗಳ ಅಂಚಿನಲ್ಲಿ ಕಬ್ಬಿಣಾಂಶ ತುಂಬಿದ ಮೈಕ್ರೋಗ್ಲಿಯಾ ವರ್ಷಗಟ್ಟಲೆ ಕ್ರಿಯಾಶೀಲವಾಗಿದ್ದು, ಗಾಯ ನಿಧಾನವಾಗಿ ಹಿಗ್ಗುತ್ತದೆ. ಔಷಧಗಳಿಂದ ಮರುಕಳಿಕೆ ತಗ್ಗಿದರೂ ಅಂಗವೈಕಲ್ಯ ಮುಂದುವರಿಯಲು ಇದೊಂದು ಕಾರಣವೆನ್ನಲಾಗಿದೆ.

ಕರಾವಳಿಯಲ್ಲಿ

ಮಂಗಳೂರಿನ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗತಜ್ಞೆ ಲೇಖಾ ಪಂಡಿತ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವು ಆ ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಇರುವುದನ್ನು ತೋರಿಸಿತು. ಭಾರತದಲ್ಲಿ ಇದು ಅತಿ ವಿರಳವೆಂಬ ಹಳೆಯ ಎಣಿಕೆಗೆ ಇದು ಹೊಂದುವುದಿಲ್ಲ. ಅದೇ ಅಧ್ಯಯನದಲ್ಲಿ ನ್ಯೂರೋಮೈಲೈಟಿಸ್ ಆಪ್ಟಿಕಾ ರೋಗಿಗಳೂ ಕಂಡುಬಂದರು. ಎಂಎಸ್ ಅನ್ನು ಹೋಲುವ ಈ ರೋಗದಲ್ಲಿ ಆಕ್ವಾಪೋರಿನ್-4 ವಿರುದ್ಧದ ಪ್ರತಿಕಾಯಗಳು, ಸಹಜ ವ್ಯವಸ್ಥೆಯ ಭಾಗವಾದ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಪ್ರಚೋದಿಸಿ ಆಸ್ಟ್ರೋಸೈಟ್ ಕೋಶಗಳನ್ನು ನಾಶಪಡಿಸುತ್ತವೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ ಇದನ್ನು ಉಲ್ಬಣಗೊಳಿಸಬಹುದು. ಆದುದರಿಂದ ಈ ರೋಗದ ಶಂಕೆಯಿದ್ದಲ್ಲಿ ಔಷಧ ನಿರ್ಧರಿಸುವ ಮೊದಲು ಪ್ರತಿಕಾಯ ಪರೀಕ್ಷೆ ಮಾಡಿಸುವುದು ಅಗತ್ಯ.