ಬೆಂಗಳೂರು–ಮೈಸೂರು–ಚಾಮರಾಜನಗರ ಪ್ರಯಾಣಿಕ ರೈಲು ಸೇವೆ: ಇತಿಹಾಸ ಮತ್ತು ಸಾರ್ವಜನಿಕ ಮಾಹಿತಿ

ಪೀಠಿಕೆ

ಹನೂರು ತಾಲ್ಲೂಕಿನ ಮಾರ್ಟಳ್ಳಿ ಹಾಗೂ ಸುತ್ತಮುತ್ತಲ ಗ್ರಾಮಗಳ ಸಾರ್ವಜನಿಕರು ರೈಲು ಪ್ರಯಾಣಕ್ಕಾಗಿ ಜಿಲ್ಲಾ ಕೇಂದ್ರವಾದ ಚಾಮರಾಜನಗರವನ್ನು ಅಥವಾ ಮೈಸೂರನ್ನು ತಲುಪಬೇಕಾಗಿದೆ. ಹನೂರು, ಕೊಳ್ಳೇಗಾಲ ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ರೈಲು ನಿಲ್ದಾಣವಿರುವುದಿಲ್ಲ. ಈ ಭಾಗದ ರೈಲು ಸೇವೆಯು ಬೆಳೆದು ಬಂದ ಬಗೆ, ಅದು ಚಾಮರಾಜನಗರದಲ್ಲಿಯೇ ಕೊನೆಗೊಂಡಿರುವುದರ ಹಿನ್ನೆಲೆ ಹಾಗೂ ಈಗ ಲಭ್ಯವಿರುವ ಸೌಲಭ್ಯಗಳ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಮಾರ್ಗದ ನಿರ್ಮಾಣ (1877–1926)

1876-78ರ ಮಹಾಕ್ಷಾಮದ ಕಾಲದಲ್ಲಿ ಬರಪೀಡಿತ ಜನರಿಗೆ ಕೂಲಿ ಕೆಲಸ ಒದಗಿಸುವ ಪರಿಹಾರ ಕಾಮಗಾರಿಗಳ ಪೈಕಿ ಬೆಂಗಳೂರು–ಮೈಸೂರು ರೈಲು ಮಾರ್ಗವೂ ಒಂದಾಗಿದ್ದಿತು. ಈ ಮೀಟರ್ ಗೇಜ್ ಮಾರ್ಗವು 1881ರಿಂದ ಹಂತ ಹಂತವಾಗಿ ಸಂಚಾರಕ್ಕೆ ತೆರೆದು, 1882ರಲ್ಲಿ ಮೈಸೂರನ್ನು ತಲುಪಿತು.

ತರುವಾಯ 1891ರಲ್ಲಿ ಮಾರ್ಗವು ಯಾತ್ರಾಸ್ಥಳವಾದ ನಂಜನಗೂಡಿನವರೆಗೆ ವಿಸ್ತರಣೆಗೊಂಡಿತು. ನಂಜನಗೂಡಿನ ಬಳಿ ಕಪಿಲಾ ನದಿಯನ್ನು ದಾಟಲು, 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಲಾಗಿದ್ದ ಕಲ್ಲಿನ ಸೇತುವೆಯನ್ನೇ ಬಳಸಿಕೊಳ್ಳಲಾಯಿತು. ರಸ್ತೆ ಮತ್ತು ರೈಲು ಎರಡಕ್ಕೂ ಒದಗಿದ ಈ ಸೇತುವೆಯ ಮೇಲೆ ಮೀಟರ್ ಗೇಜ್ ಕಾಲದುದ್ದಕ್ಕೂ ರೈಲುಗಳು ಸಂಚರಿಸಿದವು. 1926ರಲ್ಲಿ ನಂಜನಗೂಡು–ಚಾಮರಾಜನಗರ ಭಾಗವು ಸಂಚಾರಕ್ಕೆ ತೆರೆಯಿತು. ಅಂದಿನಿಂದ ಇಂದಿನವರೆಗೂ ಚಾಮರಾಜನಗರವೇ ಈ ಮಾರ್ಗದ ಕೊನೆಯ ನಿಲ್ದಾಣವಾಗಿದೆ.

ರೈಲು ಕೊಳ್ಳೇಗಾಲವನ್ನು ತಲುಪದಿರುವುದರ ಹಿನ್ನೆಲೆ

ಚಾಮರಾಜನಗರಕ್ಕೆ ರೈಲು ಬಂದಾಗ ಇಂದಿನ ಜಿಲ್ಲೆಯ ಪ್ರದೇಶಗಳು ಒಂದೇ ಆಡಳಿತದಲ್ಲಿರಲಿಲ್ಲ. ಚಾಮರಾಜನಗರವು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಯಳಂದೂರು ಅದೇ ಸಂಸ್ಥಾನದೊಳಗೆ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ನೀಡಲಾದ ಜಹಗೀರಾಗಿದ್ದಿತು. ಇಂದಿನ ಹನೂರು ತಾಲ್ಲೂಕನ್ನೂ ಒಳಗೊಂಡಿದ್ದ ಕೊಳ್ಳೇಗಾಲವು 1799ರ ನಂತರ ಬ್ರಿಟಿಷರ ಅಧೀನಕ್ಕೆ ಹೋಗಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಸಂಸ್ಥಾನದ ರೈಲು ಮಾರ್ಗವು ಸಂಸ್ಥಾನದ ಎಲ್ಲೆಯೊಳಗೇ ನಿಂತಿತು. ಕೊಯಮತ್ತೂರಿನ ಕಡೆಯ ರೈಲು ಜಾಲಕ್ಕೂ ಕೊಳ್ಳೇಗಾಲಕ್ಕೂ ನಡುವೆ ಬೆಟ್ಟ ಮತ್ತು ದಟ್ಟ ಅರಣ್ಯ ಅಡ್ಡವಾಗಿದ್ದವು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಯಿತು. ಹೀಗೆ ಆಡಳಿತದ ಗಡಿ ಅಳಿಸಿದರೂ ರೈಲಿನ ಗಡಿ ಹಾಗೆಯೇ ಉಳಿದಿದೆ. ರೇಷ್ಮೆ ನೇಕಾರಿಕೆಗೆ ಹೆಸರಾದ ಕೊಳ್ಳೇಗಾಲ ಹಾಗೂ ಪ್ರಸಿದ್ಧ ಯಾತ್ರಾಸ್ಥಳವಾದ ಮಲೆ ಮಹದೇಶ್ವರ ಬೆಟ್ಟಗಳು ಇಂದಿಗೂ ರಸ್ತೆ ಸಾರಿಗೆಯನ್ನೇ ಅವಲಂಬಿಸಿವೆ.

ಸೇವೆಗಳ ಬೆಳವಣಿಗೆ

ಸ್ವಾತಂತ್ರ್ಯಾನಂತರ ಮೈಸೂರು ಸಂಸ್ಥಾನದ ರೈಲ್ವೆಯು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ವಿಲೀನಗೊಂಡಿತು. 2003ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಹೊಂದಿದ ನೈಋತ್ಯ ರೈಲ್ವೆ ವಲಯವು ಕಾರ್ಯಾರಂಭ ಮಾಡಿತು. ಮೈಸೂರು–ಚಾಮರಾಜನಗರ ಮಾರ್ಗವು ಈಗ ಈ ವಲಯದ ಮೈಸೂರು ವಿಭಾಗಕ್ಕೆ ಸೇರಿದೆ.

ಬೆಂಗಳೂರು–ಮೈಸೂರು ನಡುವೆ 1980ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಆರಂಭವಾಯಿತು. 2022ರ ಅಕ್ಟೋಬರ್‌ನಲ್ಲಿ ಇದಕ್ಕೆ ಒಡೆಯರ್ ಎಕ್ಸ್‌ಪ್ರೆಸ್ ಎಂದು ಮರುನಾಮಕರಣ ಮಾಡಲಾಯಿತು. 1990ರ ದಶಕದಲ್ಲಿ ಈ ಭಾಗವು ಬ್ರಾಡ್ ಗೇಜ್‌ಗೆ ಪರಿವರ್ತನೆಗೊಂಡಿತು. ಜೋಡಿ ಮಾರ್ಗದ ಕಾಮಗಾರಿಗೆ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪು ಕಾಲದ ಮದ್ದಿನಮನೆಯೊಂದು ಅಡ್ಡಿಯಾಗಿದ್ದಿತು. ಅದನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಸ್ಥಳಾಂತರಿಸಿ ಮಾರ್ಗವನ್ನು ಪೂರ್ಣಗೊಳಿಸಲಾಯಿತು. 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಎಕ್ಸ್‌ಪ್ರೆಸ್ ಆರಂಭವಾಯಿತು.

ಮೈಸೂರು–ಚಾಮರಾಜನಗರ ನಡುವಿನ 61 ಕಿ.ಮೀ. ಭಾಗವು ಮಾತ್ರ ಬಹುಕಾಲ ಮೀಟರ್ ಗೇಜ್ ಆಗಿಯೇ ಉಳಿದಿದ್ದಿತು. ಇದರಿಂದ ಬೆಂಗಳೂರಿಗೆ ಹೋಗುವವರು ಮೈಸೂರಿನಲ್ಲಿ ರೈಲು ಬದಲಿಸಬೇಕಾಗಿದ್ದಿತು. 2008ರಲ್ಲಿ ಈ ಭಾಗದ ಗೇಜ್ ಪರಿವರ್ತನೆ ಮುಗಿದ ಬಳಿಕ ನೇರ ಸೇವೆ ಸಾಧ್ಯವಾಯಿತು. ನಂಜನಗೂಡಿನ ಹಳೆಯ ಸೇತುವೆಯ ಬದಲಿಗೆ ಹೊಸ ಸೇತುವೆಯು ಬಳಕೆಗೆ ಬಂದಿತು. ಚಾಮರಾಜನಗರದಿಂದ ಮೈಸೂರಿಗೆ ಪ್ರಯಾಣಿಕ ರೈಲುಗಳೂ, ಮೈಸೂರು ಮತ್ತು ಬೆಂಗಳೂರು ಮೂಲಕ ತಿರುಪತಿಗೆ ಎಕ್ಸ್‌ಪ್ರೆಸ್ ರೈಲೂ ಸಂಚರಿಸುತ್ತವೆ. ಅಶೋಕಪುರಂ, ಕಡಕೊಳ, ನಂಜನಗೂಡು, ಕವಲಂದೆ ಮತ್ತು ಬದನಗುಪ್ಪೆ ಈ ಮಾರ್ಗದ ನಿಲ್ದಾಣಗಳಲ್ಲಿ ಕೆಲವು.

ಪ್ರಸ್ತಾಪಿತ ಹೊಸ ಮಾರ್ಗಗಳು

1. ಹೆಜ್ಜಾಲ–ಚಾಮರಾಜನಗರ: ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ಮತ್ತು ಚಾಮರಾಜನಗರ ಮೂಲಕ ತಮಿಳುನಾಡಿನ ಸತ್ಯಮಂಗಲವನ್ನು ಸೇರುವ ಮಾರ್ಗವು 1996-97ನೇ ಸಾಲಿನ ರೈಲ್ವೆ ಆಯವ್ಯಯದಲ್ಲಿ ಸೇರ್ಪಡೆಯಾಯಿತು. ಸತ್ಯಮಂಗಲ ಅರಣ್ಯದಲ್ಲಿ ಸಮೀಕ್ಷೆಗೆ ಅನುಮತಿ ದೊರೆಯದ ಕಾರಣ, ಯೋಜನೆಯು ಕರ್ನಾಟಕದೊಳಗಿನ ಹೆಜ್ಜಾಲ–ಚಾಮರಾಜನಗರ ನಡುವಿನ 142 ಕಿ.ಮೀ. ಭಾಗಕ್ಕೆ ಸೀಮಿತವಾಯಿತು. ಭೂಸ್ವಾಧೀನ ಮತ್ತು ವೆಚ್ಚ ಹಂಚಿಕೆಯ ಪ್ರಶ್ನೆಗಳಿಂದಾಗಿ ಇದು ಮುಂದುವರಿದಿಲ್ಲ.

2. ಚಾಮರಾಜನಗರ–ಮೆಟ್ಟುಪಾಳ್ಯಂ: ಗೇಜ್ ಪರಿವರ್ತನೆಯ ಯೋಜನೆಯಲ್ಲಿಯೇ ಈ ವಿಸ್ತರಣೆಯೂ ಸೇರಿದ್ದಿತು. ಇದು ಸಹ ಅರಣ್ಯದ ಮೂಲಕ ಹಾದುಹೋಗಬೇಕಾಗಿದೆ. ಸತ್ಯಮಂಗಲ ಅರಣ್ಯವನ್ನು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ.

ಆಯವ್ಯಯದಲ್ಲಿ ಮಂಜೂರಾತಿ ದೊರೆತ ಮಾತ್ರಕ್ಕೆ ಮಾರ್ಗವು ನಿರ್ಮಾಣವಾದಂತೆ ಆಗುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು. ಅಧಿಕೃತ ಅಧಿಸೂಚನೆಯಿಲ್ಲದೆ ಖಾಸಗಿ ಜಮೀನನ್ನು ರೈಲು ಮಾರ್ಗಕ್ಕಾಗಿ ಸ್ವಾಧೀನಪಡಿಸಿಕೊಳ್ಳಲಾಗುವುದಿಲ್ಲ. ಆದುದರಿಂದ ರೈಲು ಬರಲಿದೆ ಎಂಬ ಬಾಯಿಮಾತನ್ನು ಮಾತ್ರ ನಂಬಿ ಜಮೀನು ಕೊಳ್ಳುವುದಾಗಲೀ ಮಾರುವುದಾಗಲೀ ಸೂಕ್ತವಲ್ಲ.

ಪ್ರಯಾಣಿಕರ ಗಮನಕ್ಕೆ

• ಮಾರ್ಟಳ್ಳಿಯ ಕಡೆಯಿಂದ ಬರುವವರು ಹನೂರು, ಕೊಳ್ಳೇಗಾಲ, ಯಳಂದೂರು ಮತ್ತು ಸಂತೇಮರಹಳ್ಳಿ ಮಾರ್ಗವಾಗಿ ಚಾಮರಾಜನಗರ ನಿಲ್ದಾಣವನ್ನು ತಲುಪಬಹುದು. ಬಸ್ಸು ಬದಲಾವಣೆಗೆ ಬೇಕಾಗುವ ಸಮಯವನ್ನು ಲೆಕ್ಕ ಹಾಕಿ ಮುಂಚಿತವಾಗಿ ಹೊರಡುವುದು ಒಳಿತು.
• ರೈಲು ವೇಳೆಯು ಕಾಲಕಾಲಕ್ಕೆ ಬದಲಾಗುವುದರಿಂದ ಪ್ರಯಾಣಕ್ಕೆ ಮುನ್ನ ರೈಲ್ವೆಯ 139 ಸಹಾಯವಾಣಿಯಲ್ಲಿ ಖಚಿತಪಡಿಸಿಕೊಳ್ಳುವುದು.
• 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ.
• 2025ರ ಜುಲೈನಿಂದ ಅಂತರ್ಜಾಲದ ಮೂಲಕ ತತ್ಕಾಲ್ ಟಿಕೆಟ್ ಪಡೆಯಲು ಆಧಾರ್ ದೃಢೀಕರಣ ಕಡ್ಡಾಯವಾಗಿದೆ.
• ಹಿರಿಯ ನಾಗರಿಕರ ಪ್ರಯಾಣ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂಪಡೆಯಲಾಯಿತು. ವಿಕಲಚೇತನರು, ರೋಗಿಗಳು ಮತ್ತು ವಿದ್ಯಾರ್ಥಿಗಳ ಪೈಕಿ ನಿಗದಿತ ವರ್ಗಗಳಿಗೆ ಮಾತ್ರ ರಿಯಾಯಿತಿಯನ್ನು ಮುಂದುವರಿಸಲಾಯಿತು. ಇದನ್ನು ಕೋರುವವರು ಸೂಕ್ತ ದಾಖಲೆಯನ್ನು ಹೊಂದಿರಬೇಕು.

ಮಾಹಿತಿ ಮತ್ತು ಅರ್ಜಿ

ರೈಲ್ವೆಯು ಕೇಂದ್ರ ಸರ್ಕಾರದ ಅಧೀನಕ್ಕೆ ಒಳಪಟ್ಟಿದೆ. ಹೊಸ ರೈಲು, ನಿಲುಗಡೆ ಅಥವಾ ವೇಳೆ ಬದಲಾವಣೆಯ ಮನವಿಗಳನ್ನು ನೈಋತ್ಯ ರೈಲ್ವೆಯ ಮೈಸೂರು ವಿಭಾಗೀಯ ಕಚೇರಿಗೆ ಸಲ್ಲಿಸಬೇಕು. ತಾಲ್ಲೂಕು ಕಚೇರಿಯಲ್ಲಿ ಇವುಗಳನ್ನು ಇತ್ಯರ್ಥಪಡಿಸಲು ಅವಕಾಶವಿರುವುದಿಲ್ಲ. ಹೊಸ ಮಾರ್ಗಗಳ ಸ್ಥಿತಿಗತಿಯನ್ನು ತಿಳಿಯಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನೈಋತ್ಯ ರೈಲ್ವೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರು ದೃಢೀಕರಣ ಪತ್ರ ಲಗತ್ತಿಸಿದಲ್ಲಿ ಶುಲ್ಕ ವಿನಾಯಿತಿ ಇರುತ್ತದೆ.